ಚಿತ್ರಕಲಾ ಶಿಕ್ಷಕರ ಅರ್ಹತಾ ಪರೀಕ್ಷೆ: ಕೈಗೆ ಗೊತ್ತಿರುವುದನ್ನು ಮಾತಿಗೆ ತರುವ ತಯಾರಿ

ಚೆನ್ನಾಗಿ ಚಿತ್ರ ಬರೆಯುವವರೂ ಈ ಪರೀಕ್ಷೆಯಲ್ಲಿ ಎಡವುವುದುಂಟು. ಕೈ ಪಳಗಿರುತ್ತದೆ, ಬಾಯಿ ಪಳಗಿರುವುದಿಲ್ಲ. ಹಳದಿ ಹಣ್ಣಿನ ನೆರಳಿಗೆ ಸ್ವಲ್ಪ ನೇರಳೆ ಬೆರೆಸಬೇಕು ಅಂತ ಕೈಗೆ ಗೊತ್ತು. ಯಾಕೆ ಅಂತ ಹತ್ತು ವರ್ಷದ ಮಗು ಕೇಳಿದರೆ? ಅಲ್ಲಿ ತಡವರಿಕೆ ಶುರು. ಪರೀಕ್ಷೆಯಲ್ಲಿ ಅಂಕ ಇರುವುದು ಆ ‘ಯಾಕೆ’ಗೇ. ಹಾಗಾಗಿ ಕೆಳಗೆ ಹೇಳಿರುವ ಪ್ರತಿ ಹಂತದಲ್ಲೂ ಕೆಲಸ ಒಂದೇ: ನೋಡಿದ್ದನ್ನು, ಮಾಡಿದ್ದನ್ನು ಸರಿಯಾದ ಪದಗಳಲ್ಲಿ ಹೇಳಲು ಕಲಿಯುವುದು.

ಪರೀಕ್ಷೆ ನಡೆಸುವ ಸಂಸ್ಥೆ ಯಾವುದೇ ಇರಲಿ, ವಿಷಯ ಸಾಮಾನ್ಯವಾಗಿ ನಾಲ್ಕು ಭಾಗಗಳಲ್ಲಿ ಬರುತ್ತದೆ. ಕಲೆಯ ಮೂಲ ಅಂಶಗಳು, ಕಲೆಯ ಇತಿಹಾಸ, ಮಾಧ್ಯಮಗಳು ಮತ್ತು ಅವುಗಳ ವಿಧಾನ, ಮಕ್ಕಳಿಗೆ ಕಲಿಸುವ ಬಗೆ. ಕೆಲವು ಕಡೆ ಇವುಗಳ ಜೊತೆ ಪ್ರಾಯೋಗಿಕ ಪರೀಕ್ಷೆಯೋ ನಿಮ್ಮ ಕೃತಿಗಳ ಪೋರ್ಟ್‌ಫೋಲಿಯೋವೋ ಇರುತ್ತದೆ.

ಹಂತ 1: ಪಠ್ಯಕ್ರಮ ಮುಂದಿಟ್ಟುಕೊಂಡು ಒಂದು ದಿನ ಕೂತುಕೊಳ್ಳಿ

ಪುಸ್ತಕ ಕೊಳ್ಳುವ ಮುಂಚೆ ಅಧಿಕೃತ ಪಠ್ಯಕ್ರಮವನ್ನು ಮುದ್ರಿಸಿಕೊಳ್ಳಿ. ಯಾವ ಭಾಗಕ್ಕೆ ಎಷ್ಟು ಅಂಕ, ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರಾ, ಬರೆಯುವ ಪ್ರಶ್ನೆಗೆ ಎಷ್ಟು ಸಮಯ, ಇವನ್ನು ಮೊದಲ ಪುಟದಲ್ಲೇ ಬರೆದುಕೊಳ್ಳಿ. ಆಮೇಲೆ ಒಂದೊಂದೇ ಸಾಲಿಗೆ ಮೂರು ಗುರುತುಗಳಲ್ಲಿ ಒಂದನ್ನು ಹಾಕಿ: ಬೇರೆಯವರಿಗೆ ವಿವರಿಸಬಲ್ಲೆ, ಕೇಳಿದ್ದೇನೆ ಆದರೆ ವಿವರಿಸಲಾರೆ, ಗೊತ್ತೇ ಇಲ್ಲ. ಮೋಸ ಹೋಗುವುದು ಎರಡನೆಯ ಗುರುತಿನಲ್ಲಿ. ‘ಲಿಥೋಗ್ರಫಿ (ಕಲ್ಲಚ್ಚು) ನನಗೆ ಗೊತ್ತು’ ಅಂತ ಮನಸ್ಸು ಹೇಳುತ್ತದೆ. ಎಣ್ಣೆ ಮತ್ತು ನೀರು ಒಂದಕ್ಕೊಂದು ಸೇರುವುದಿಲ್ಲ ಅನ್ನುವುದರ ಮೇಲೆ ಅದು ನಿಂತಿದೆ, ಕಲ್ಲನ್ನು ಕೊರೆಯುವುದೇ ಇಲ್ಲ ಅಂತ ಎರಡು ವಾಕ್ಯದಲ್ಲಿ ಹೇಳಲು ಬಂದರೆ ಮಾತ್ರ ಮೊದಲ ಗುರುತು ಹಾಕಿ.

ಹಿಂದಿನ ವರ್ಷದ ಪ್ರಶ್ನೆಪತ್ರಿಕೆ ಸಿಕ್ಕರೆ ಓದು ಶುರು ಮಾಡುವ ಮೊದಲೇ ಒಂದನ್ನು ಬರೆದು ನೋಡಿ. ಅಂಕ ಕಡಿಮೆ ಬರುತ್ತದೆ, ಬರಲಿ ಬಿಡಿ. ಎಲ್ಲಿ ಖಾಲಿ ಇದೆ ಅಂತ ತಿಳಿಯುವುದಕ್ಕೆ ಇದಕ್ಕಿಂತ ಬೇಗದ ದಾರಿ ಇಲ್ಲ.

ಹಂತ 2: ಮೂಲ ಅಂಶಗಳನ್ನು ಚಿತ್ರದ ಮೇಲೆ ಇಟ್ಟು ಕಲಿಯಿರಿ

ರೇಖೆ, ಆಕಾರ, ಘನರೂಪ, ಬಣ್ಣ, ಛಾಯೆ, ಮೈವಳಿಕೆ (ಮೇಲ್ಮೈಯ ಒರಟು–ನುಣುಪು), ಅವಕಾಶ (ಚಿತ್ರದೊಳಗಿನ ಜಾಗ): ಇವು ಅಂಶಗಳು. ಸಮತೋಲನ, ವೈರುಧ್ಯ, ಒತ್ತು, ಲಯ, ಪ್ರಮಾಣ, ಚಲನೆ, ಏಕತೆ: ಇವು ಸಂಯೋಜನೆಯ ತತ್ವಗಳು. ಪಟ್ಟಿಯನ್ನು ಬಾಯಿಪಾಠ ಮಾಡಲು ಅರ್ಧ ಗಂಟೆ ಸಾಕು. ಆದರೆ ಪ್ರಶ್ನೆ ಪಟ್ಟಿಯ ಮೇಲೆ ಬರುವುದು ಕಡಿಮೆ. ಒಂದು ಚಿತ್ರ ಕೊಟ್ಟು ‘ಇಲ್ಲಿ ನೋಡುಗರ ಕಣ್ಣನ್ನು ಮಧ್ಯಕ್ಕೆ ಎಳೆಯುವುದು ಯಾವುದು?’ ಅಂತ ಕೇಳುತ್ತಾರೆ. ಅಂಶಗಳು ಕಲಾವಿದ ಬಳಸುವ ಸಾಮಗ್ರಿ, ತತ್ವಗಳು ಅವನ್ನು ಜೋಡಿಸುವ ಬಗೆ. ಈ ಎರಡನ್ನು ಗೊಂದಲ ಮಾಡಿಸುವುದು ಪ್ರಶ್ನೆ ತೆಗೆಯುವವರ ಹಳೆಯ ತಂತ್ರ.

ದಿನಕ್ಕೆ ಒಂದು ಚಿತ್ರ ತೆಗೆದುಕೊಳ್ಳಿ. ಕಲಾಶಿಕ್ಷಣ ತಜ್ಞ ಎಡ್ಮಂಡ್ ಫೆಲ್ಡ್‌ಮನ್ ಹೇಳಿಕೊಟ್ಟ ನಾಲ್ಕು ಮೆಟ್ಟಿಲುಗಳಲ್ಲಿ ಅದರ ಬಗ್ಗೆ ಬರೆಯಿರಿ: ವರ್ಣನೆ, ವಿಶ್ಲೇಷಣೆ, ಅರ್ಥ, ತೀರ್ಪು. ಮೊದಲು ಕಾಣುವುದನ್ನು ಮಾತ್ರ ಹೇಳಿ. ಆಮೇಲೆ ಅಂಶಗಳು ಹೇಗೆ ಕೂಡಿವೆ ಅಂತ ನೋಡಿ. ಮೂರನೆಯದು ಅರ್ಥ. ಕೊನೆಗೆ ಬೆಲೆ ಕಟ್ಟುವುದು. ‘ಚೆನ್ನಾಗಿದೆ’ ಅನ್ನುವ ಪದವನ್ನು ಮೊದಲ ಮೂರು ಮೆಟ್ಟಿಲಲ್ಲಿ ಬಳಸಲೇಬೇಡಿ. ಇದು ಕೇಳಲು ಸುಲಭ, ಮಾಡಲು ಕಷ್ಟ.

ಬಣ್ಣದ ವಿಷಯದಲ್ಲಿ ಮೂರು ಪದ್ಧತಿಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ. ಕುಂಚದವರ ಚಕ್ರದಲ್ಲಿ ಮೂಲ ಬಣ್ಣ ಕೆಂಪು, ಹಳದಿ, ನೀಲಿ. ಪರದೆಯ ಬೆಳಕಿನಲ್ಲಿ ಕೆಂಪು, ಹಸಿರು, ನೀಲಿ. ಮೂರೂ ಸೇರಿದರೆ ಬಿಳಿ. ಮುದ್ರಣದಲ್ಲಿ ಸಯಾನ್, ಮಜೆಂಟಾ, ಹಳದಿ, ಜೊತೆಗೆ ಕಪ್ಪು. ಪ್ರತಿ ಬಣ್ಣಕ್ಕೂ ಮೂರು ಗುಣ: ಯಾವ ಬಣ್ಣ, ಎಷ್ಟು ತಿಳಿ ಅಥವಾ ಗಾಢ, ಎಷ್ಟು ಉಜ್ವಲ. ಒಂದು ಬಣ್ಣ ಪಕ್ಕದ ಬಣ್ಣದಿಂದಾಗಿ ಬದಲಾದಂತೆ ಕಾಣುವುದನ್ನು 1839ರಲ್ಲಿ ಮಿಶೆಲ್ ಶೆವ್ರುಲ್ ಪುಸ್ತಕವಾಗಿ ಬರೆದ. ಆತ ಚಿತ್ರಕಾರನಲ್ಲ, ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ. ಬೂದು ಕಾಗದದ ಎರಡು ಚೂರುಗಳನ್ನು ಒಂದು ಕಪ್ಪಿನ ಮೇಲೆ, ಇನ್ನೊಂದು ಬಿಳಿಯ ಮೇಲೆ ಇಟ್ಟು ನೋಡಿ. ಒಂದೇ ಬೂದು ಎರಡಾಗಿ ಕಾಣುತ್ತದೆ. ತರಗತಿಗೂ ಇದು ಒಳ್ಳೆಯ ಪಾಠ.

ಹಂತ 3: ಇತಿಹಾಸಕ್ಕೆ ಮೊದಲು ಗೂಟ, ಆಮೇಲೆ ಹಗ್ಗ

ಎಲ್ಲರೂ ಹೆದರುವ ಭಾಗ ಇದು. ಗುಹೆಯ ಗೋಡೆಯಿಂದ ವಿಡಿಯೋ ಕಲೆಯವರೆಗೆ ಎಲ್ಲವೂ ಇದೆ. ಸಾಲು ಸಾಲಾಗಿ ಓದಿ ಮುಗಿಸುತ್ತೇನೆ ಅಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಮೊದಲು ಹತ್ತು ಹನ್ನೆರಡು ಗೂಟ ಹೊಡೆದುಕೊಳ್ಳಿ. ನಾನು ಆರಿಸುವುದು ಇವು: ಪಾದುವಾದ ಚಾಪೆಲ್‌ನಲ್ಲಿ ಜಾಟ್ಟೋನ ಭಿತ್ತಿಚಿತ್ರ, ಸುಮಾರು 1305. ಪರ್ಸ್‌ಪೆಕ್ಟಿವ್ (ದೂರದ್ದು ಚಿಕ್ಕದಾಗಿ ಕಾಣುವಂತೆ ಬರೆಯುವ ಕ್ರಮ) ಬಗ್ಗೆ ಆಲ್ಬರ್ಟಿಯ ಬರಹ, 1435. ಮೈಕೆಲೇಂಜೆಲೋನ ಸಿಸ್ಟೀನ್ ಚಾವಣಿ, 1508ರಿಂದ 1512. ರೆಂಬ್ರಾಂಟ್‌ನ ‘ನೈಟ್ ವಾಚ್’, 1642. ಗೋಯಾನ ‘ಮೇ ಮೂರು’, 1814. ಫೋಟೋಗ್ರಫಿಯ ಘೋಷಣೆ, 1839. ಕ್ಷಣದ ಬೆಳಕನ್ನು ಹಿಡಿಯಲು ಹೊರಟ ಇಂಪ್ರೆಷನಿಸ್ಟರ ಮೊದಲ ಪ್ರದರ್ಶನ, 1874. ಪಿಕಾಸೋನ ‘ಅವಿನ್ಯೋನ್‌ನ ಹೆಂಗಸರು’, 1907. ಡುಶಾಂಪ್‌ನ ‘ಫೌಂಟನ್’, 1917. ಬೌಹೌಸ್ ಶಾಲೆ, 1919ರಿಂದ 1933. ಪಿಕಾಸೋನ ‘ಗೆರ್ನಿಕಾ’, 1937. ವಾರ್ಹಾಲ್‌ನ ಸೂಪ್ ಡಬ್ಬಿಗಳು, 1962.

ಇದು ಪೂರ್ತಿ ಯುರೋಪ್, ಅಮೆರಿಕದ ಪಟ್ಟಿ ಆಯಿತು, ಅಲ್ವಾ? ಅಲ್ಲಿಗೇ ನಿಲ್ಲಿಸಬೇಡಿ. ಅಜಂತಾದ ಎರಡು ಹಂತಗಳು: ಕ್ರಿಸ್ತಪೂರ್ವ 2ನೇ ಶತಮಾನದ ಆಸುಪಾಸು, ಆಮೇಲೆ ಕ್ರಿಸ್ತಶಕ 5ನೇ ಶತಮಾನ. ಚೀನಾದ ಸಾಂಗ್ ಕಾಲದ ಬೆಟ್ಟ–ನೀರಿನ ಚಿತ್ರಗಳು. ಪಶ್ಚಿಮ ಆಫ್ರಿಕಾದ ಬೆನಿನ್‌ನ ಲೋಹದ ಫಲಕಗಳು. ಪರ್ಷಿಯಾ ಮತ್ತು ಮೊಘಲ್ ಕಿರುಚಿತ್ರಗಳು. ಹೊಕುಸಾಯ್‌ನ ‘ಮಹಾ ಅಲೆ’, ಸುಮಾರು 1831. ಭಾರತೀಯ ಕಲೆಯ ಷಡಂಗಗಳಾದ ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗಗಳನ್ನು ಹಂತ 2ರ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ‘ಭಾವ’ಕ್ಕೆ ಆ ಪಟ್ಟಿಯಲ್ಲಿ ಜೋಡಿಯೇ ಇಲ್ಲ ಅನ್ನುವುದು ಕಣ್ಣಿಗೆ ಬೀಳುತ್ತದೆ. ಇನ್ನೊಂದು ಮಾತು. ಮೊಘಲ್ ಚಿತ್ರದಲ್ಲಿ ನೆಲ ಮೇಲಕ್ಕೆ ವಾಲಿದಂತೆ ಕಾಣುವುದು, ಚೀನೀ ಸುರುಳಿಯಲ್ಲಿ ನೋಟದ ಜಾಗ ಬದಲಾಗುತ್ತ ಹೋಗುವುದು ಕಲಾವಿದರಿಗೆ ಪರ್ಸ್‌ಪೆಕ್ಟಿವ್ ಬಾರದ್ದರಿಂದ ಅಲ್ಲ. ಅವಕಾಶವನ್ನು ತೋರಿಸುವ ಬೇರೆ ಕ್ರಮ ಅದು. ಉತ್ತರದಲ್ಲಿ ‘ಇನ್ನೂ ಬೆಳೆಯದ ಕಲೆ’ ಅಂತ ಬರೆದರೆ ಮೌಲ್ಯಮಾಪಕರಿಗೆ ಸಿಟ್ಟು ಬರುವುದು ಖಂಡಿತ.

ಗೂಟ ಹೊಡೆದ ಮೇಲೆ ನಡುವೆ ಕಾರಣಗಳ ಹಗ್ಗ ಕಟ್ಟಿ. ಇಂಪ್ರೆಷನಿಸಂ ಯಾಕೆ ಆಗಲೇ ಬಂತು? 1839ರ ಹೊತ್ತಿಗೆ ಕ್ಯಾಮೆರಾ ಬಂದಿತ್ತು. ಇದ್ದದ್ದನ್ನು ಇದ್ದ ಹಾಗೆ ದಾಖಲಿಸುವ ಕೆಲಸದಲ್ಲಿ ಚಿತ್ರಕಾರನಿಗೆ ಪೈಪೋಟಿ ಶುರುವಾಯಿತು. 1841ರಲ್ಲಿ ಜಾನ್ ರ‍್ಯಾಂಡ್ ಅನ್ನುವ ಚಿತ್ರಕಾರ ಹಿಂಡುವ ಲೋಹದ ಟ್ಯೂಬಿಗೆ ಪೇಟೆಂಟ್ ಪಡೆದ. ಎಣ್ಣೆಬಣ್ಣವನ್ನು ಹೊರಗೆ ಬಯಲಿಗೆ ಒಯ್ಯುವುದು ಸುಲಭವಾಯಿತು. 1850ರ ದಶಕದಲ್ಲಿ ಜಪಾನ್ ವ್ಯಾಪಾರಕ್ಕೆ ತೆರೆದುಕೊಂಡು, ಅಲ್ಲಿನ ಮರದಚ್ಚಿನ ಚಿತ್ರಗಳು ಪ್ಯಾರಿಸ್‌ಗೆ ಬಂದವು. ಸಪಾಟು ಬಣ್ಣ, ಅಂಚಿನಲ್ಲಿ ಕತ್ತರಿಸಿದಂಥ ಚೌಕಟ್ಟು ಪ್ಯಾರಿಸ್ಸಿನ ಚಿತ್ರಕಾರರ ಕಣ್ಣಿಗೆ ಹೊಸದು. ಇಷ್ಟನ್ನು ಜೋಡಿಸಿ ಹೇಳಬಲ್ಲವರಿಗೆ 1874ನ್ನು ಬೇರೆಯಾಗಿ ನೆನಪಿಡುವ ಕಷ್ಟವೇ ಇಲ್ಲ.

ಚಿತ್ರ ಗುರುತಿಸುವ ಪ್ರಶ್ನೆಗೆ ಚೀಟಿ ಮಾಡಿ. ಒಂದು ಬದಿ ಚಿತ್ರ, ಇನ್ನೊಂದು ಬದಿ ಕಲಾವಿದ, ಕಾಲ, ಮಾಧ್ಯಮ, ಮತ್ತು ‘ಹೇಗೆ ಗುರುತಿಸಿದೆ’ ಅನ್ನುವ ಒಂದು ಸಾಲು. ಚೀಟಿಗಳನ್ನು ಕಲಸಿ ನೋಡಿ. ಒಬ್ಬನದೇ ಚಿತ್ರಗಳನ್ನು ಒಟ್ಟಿಗೆ ನೋಡಿದರೆ ಚೆನ್ನಾಗಿ ಕಲಿಯುತ್ತೇವೆ ಅನಿಸುತ್ತದೆ. ಅದು ಬರೀ ಅನಿಸಿಕೆ. 2008ರಲ್ಲಿ ಮನಶ್ಶಾಸ್ತ್ರಜ್ಞರಾದ ನೇಟ್ ಕಾರ್ನೆಲ್ ಮತ್ತು ರಾಬರ್ಟ್ ಬ್ಯೋರ್ಕ್ 12 ಕಲಾವಿದರ ಭೂದೃಶ್ಯ ಚಿತ್ರಗಳನ್ನು ಇಟ್ಟುಕೊಂಡು ಇದನ್ನೇ ಪರೀಕ್ಷಿಸಿದರು. ಕಲಸಿ ನೋಡಿದಾಗಲೇ ಆ ಕಲಾವಿದರ ಹೊಸ ಚಿತ್ರಗಳನ್ನು ಗುರುತಿಸುವುದು ಜನರಿಗೆ ಜಾಸ್ತಿ ಸಾಧ್ಯವಾಯಿತು. ತಮಾಷೆ ಏನೆಂದರೆ, ಫಲಿತಾಂಶ ಹೀಗಿದ್ದರೂ ಹೆಚ್ಚಿನವರು ಒಟ್ಟಿಗೆ ನೋಡಿದ್ದೇ ಚೆನ್ನಾಗಿತ್ತು ಅಂದರು. ನಮ್ಮ ಓದಿನ ಬಗ್ಗೆ ನಮ್ಮ ಅಂದಾಜನ್ನು ಜಾಸ್ತಿ ನಂಬಬಾರದು.

ಹಂತ 4: ಮಾಧ್ಯಮಗಳು, ಮತ್ತು ‘ಯಾಕೆ ಹಾಗೆ’

ನೀವು ಜಲವರ್ಣದವರಾದರೆ ಮಣ್ಣಿನ ಪ್ರಶ್ನೆಗೆ ಬೆವರುತ್ತೀರಿ. ಶಿಲ್ಪದವರಾದರೆ ಅಚ್ಚಿನ ಪ್ರಶ್ನೆಗೆ. ಹೊಸ ಮಾಧ್ಯಮವನ್ನು ಓದಿ ಬಿಡಬೇಡಿ. ಒಂದು ಸಂಜೆಯಾದರೂ ಮುಟ್ಟಿ ನೋಡಿ.

ಅಚ್ಚುಕಲೆಯಲ್ಲಿ ನಾಲ್ಕು ಮನೆತನ. ಉಬ್ಬಚ್ಚಿನಲ್ಲಿ ಕೊರೆಯದೆ ಉಳಿಸಿದ ಭಾಗಕ್ಕೆ ಶಾಯಿ ಹತ್ತುತ್ತದೆ. ಮರದಚ್ಚು, ಲಿನೋ (ಮೆತ್ತನೆಯ ಲಿನೋಲಿಯಂ ಹಾಳೆಯ ಅಚ್ಚು) ಈ ಗುಂಪು. ತಗ್ಗಚ್ಚಿನಲ್ಲಿ ಶಾಯಿ ನಿಲ್ಲುವುದು ಗೀರಿನ ಒಳಗೆ. ಎಚಿಂಗ್ (ಆಮ್ಲದಿಂದ ಗೀರು), ಡ್ರೈಪಾಯಿಂಟ್ (ಸೂಜಿಯಿಂದ ಗೀರು) ಇಲ್ಲಿ ಸೇರುತ್ತವೆ. ಸಪಾಟು ಮೇಲ್ಮೈಯಿಂದ ಬರುವುದು ಲಿಥೋಗ್ರಫಿ. ರಂಧ್ರದ ಮೂಲಕ ಬರುವುದು ಸ್ಕ್ರೀನ್ ಪ್ರಿಂಟ್. ಒಂದು ಮುದ್ರಿತ ಚಿತ್ರದ ಕೆಳಗೆ 5/20 ಅಂತಿದ್ದರೆ 20 ಪ್ರತಿಗಳ ಸರಣಿಯಲ್ಲಿ 5ನೆಯದು ಅಂತ. ಅಕ್ಷರಗಳನ್ನು ಲಿನೋ ಮೇಲೆ ಕನ್ನಡಿಯಲ್ಲಿ ಕಂಡಂತೆ ತಿರುವಿ ಕೊರೆಯಬೇಕು ಅನ್ನುವುದು ಮಕ್ಕಳ ತರಗತಿಯ ಪ್ರಶ್ನೆಯಾಗಿ ಬರುತ್ತದೆ.

ಎಣ್ಣೆಬಣ್ಣದಲ್ಲಿ ಕೆಳಗಿನ ಪದರಕ್ಕೆ ಎಣ್ಣೆ ಕಡಿಮೆ, ಮೇಲಿನದಕ್ಕೆ ಜಾಸ್ತಿ. ತಿರುಗಾಮುರುಗಾ ಮಾಡಿದರೆ ಮೇಲಿನದು ಮೊದಲು ಒಣಗುತ್ತದೆ, ಕೆಳಗಿನದು ಇನ್ನೂ ಅಲುಗುತ್ತಿರುತ್ತದೆ, ಬಿರುಕು ಬಿಡುತ್ತದೆ. ಅಕ್ರಿಲಿಕ್ ಮೇಲೆ ಎಣ್ಣೆಬಣ್ಣ ಹಾಕಬಹುದು, ಎಣ್ಣೆಯ ಮೇಲೆ ಅಕ್ರಿಲಿಕ್ ಸರಿಯಾಗಿ ಹಿಡಿಯುವುದಿಲ್ಲ. ನಿಜವಾದ ಫ್ರೆಸ್ಕೋದಲ್ಲಿ ಹಸಿ ಸುಣ್ಣದ ಗಾರೆಯ ಮೇಲೆ ನೀರಿನಲ್ಲಿ ಕಲಸಿದ ಬಣ್ಣ ಹಚ್ಚುತ್ತಾರೆ. ಗಾರೆ ಗಟ್ಟಿಯಾಗುವಾಗ ಬಣ್ಣವೂ ಅದರಲ್ಲೇ ಸೇರಿಹೋಗುತ್ತದೆ. ಅದಕ್ಕೇ ಒಂದು ದಿನಕ್ಕೆ ಬರೆಯುವಷ್ಟೇ ಗಾರೆ ಬಳಿಯುವುದು.

ಮಣ್ಣಿನ ಕೆಲಸದಲ್ಲಿ ಒಂದು ಪ್ರಶ್ನೆ ಪದೇ ಪದೇ ಎದುರಾಗುತ್ತದೆ: ಭಟ್ಟಿಯಲ್ಲಿ ಮಗುವಿನ ಗೊಂಬೆ ಯಾಕೆ ಸಿಡಿಯಿತು? ‘ಒಳಗೆ ಗಾಳಿಗುಳ್ಳೆ ಇತ್ತು’ ಅಂತ ಎಷ್ಟೋ ಜನ ಹೇಳುತ್ತಾರೆ. ನಿಜವಾದ ಕಾರಣ ತೇವ. ಪೂರ್ತಿ ಒಣಗದ ದಪ್ಪ ಭಾಗದಲ್ಲಿ ನೀರು ಉಳಿದಿರುತ್ತದೆ. 100 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅದು ಆವಿಯಾಗಿ, ಹೊರಬರಲು ದಾರಿ ಸಿಗದೆ ಒಡೆಯುತ್ತದೆ. ಗೊಂಬೆಯ ಹೊಟ್ಟೆ ಪೊಳ್ಳು ಮಾಡಿಸುವುದು, ನಿಧಾನ ಒಣಗಿಸುವುದು, ಭಟ್ಟಿಯನ್ನು ಮೊದಲು ನಿಧಾನ ಕಾಯಿಸುವುದು ಇದಕ್ಕಾಗಿ. ಕೈ, ಕಾಲು ಅಂಟಿಸುವಾಗ ಎರಡೂ ಕಡೆ ಗೀರು ಹಾಕಿ ಮಣ್ಣಿನ ಕೆಸರು ಹಚ್ಚಿಸಬೇಕು.

ಸುರಕ್ಷತೆಯ ಪ್ರಶ್ನೆಗಳು ಸುಲಭದ ಅಂಕ. ಒಣ ಜೇಡಿಮಣ್ಣನ್ನು ಪೊರಕೆಯಿಂದ ಗುಡಿಸಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಅದರ ದೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಸೀಸ, ಕ್ಯಾಡ್ಮಿಯಂ ಇರುವ ಬಣ್ಣಗಳು ಮಕ್ಕಳ ಕೋಣೆಗೆ ಬೇಡ. ಇದ್ದಿಲಿನ ಚಿತ್ರ ಅಳಿಸದಂತೆ ಹಿಡಿಸುವ ಫಿಕ್ಸೆಟಿವ್ ಸ್ಪ್ರೇ ಹೊಡೆಯುವುದು ಮಕ್ಕಳಿಲ್ಲದಾಗ, ಗಾಳಿಯಾಡುವ ಕಡೆ. ಲಿನೋ ಕೊರೆಯುವಾಗ ಉಳಿ ಯಾವಾಗಲೂ ಕೈಯಿಂದ ದೂರಕ್ಕೆ ಸಾಗಬೇಕು.

ಡಿಜಿಟಲ್ ಭಾಗಕ್ಕೆ ಪಿಕ್ಸೆಲ್ ಚಿತ್ರ ಮತ್ತು ವೆಕ್ಟರ್ ಚಿತ್ರದ ವ್ಯತ್ಯಾಸ, ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಅನ್ನುವ ರೂಢಿ, ಕ್ಯಾಮೆರಾದ ಅಪರ್ಚರ್, ಶಟರ್, ಐಎಸ್ಒ ಒಂದಕ್ಕೊಂದು ಹೇಗೆ ತೂಗುತ್ತವೆ ಅನ್ನುವುದು ಗೊತ್ತಿದ್ದರೆ ಸಾಕು.

ಹಂತ 5: ಮಗು ಹೇಗೆ ಬರೆಯುತ್ತದೆ ಅಂತ ತಿಳಿಯುವುದು

ನನ್ನ ಪ್ರಕಾರ ತಯಾರಿಯ ಜೀವಾಳ ಇದೇ. ಕಲಾವಿದ ಮತ್ತು ಕಲಾಶಿಕ್ಷಕ ಬೇರೆಯಾಗುವ ಜಾಗವೂ ಇದೇ.

ಕಲಾಶಿಕ್ಷಣ ತಜ್ಞ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲಿ ವಿವರಿಸಿದ ಹಂತಗಳನ್ನು ಮೊದಲು ಕಲಿಯಿರಿ. ಎರಡರಿಂದ ನಾಲ್ಕು ವರ್ಷ, ಗೀಚುವ ಹಂತ. ನಾಲ್ಕರಿಂದ ಏಳು, ತಲೆಯಿಂದಲೇ ಕೈಕಾಲು ಮೂಡುವ ಮನುಷ್ಯರು, ಕಾಗದದ ತುಂಬ ತೇಲುವ ವಸ್ತುಗಳು. ಏಳರಿಂದ ಒಂಬತ್ತು, ಕೆಳಗೊಂದು ನೆಲದ ಗೆರೆ, ಮೇಲೊಂದು ಆಕಾಶದ ಪಟ್ಟಿ. ಒಂಬತ್ತರಿಂದ ಹನ್ನೆರಡು, ವಿವರ ಹೆಚ್ಚುತ್ತದೆ, ಒಂದರ ಹಿಂದೆ ಇನ್ನೊಂದು ಬರುತ್ತದೆ. ಹನ್ನೆರಡು ದಾಟಿದ ಮೇಲೆ ಇದ್ದ ಹಾಗೇ ಬರೆಯಬೇಕು ಅನ್ನುವ ಹಟ, ‘ನನಗೆ ಚಿತ್ರ ಬರಲ್ಲ’ ಅನ್ನುವ ಸೋಲು. ವಯಸ್ಸು ಅಂದಾಜು ಅಷ್ಟೇ, ಗಡಿ ಅಲ್ಲ.

ಪ್ರಶ್ನೆ ಹೀಗೆ ಬರುತ್ತದೆ. ಎಂಟು ವರ್ಷದ ಹುಡುಗಿ ಮನೆ ಬರೆದಿದ್ದಾಳೆ. ಗೋಡೆ ಇದ್ದರೂ ಒಳಗೆ ಮಲಗಿದ ಅಜ್ಜಿ, ಮೇಜು, ಬೆಕ್ಕು ಎಲ್ಲ ಕಾಣುತ್ತವೆ. ಶಿಕ್ಷಕ ಏನು ಮಾಡಬೇಕು? ಆಯ್ಕೆಗಳಲ್ಲಿ ‘ಗೋಡೆಯಾಚೆ ಕಾಣುವುದಿಲ್ಲ ಅಂತ ತಿದ್ದಿ ತೋರಿಸುವುದು’ ಇದ್ದೇ ಇರುತ್ತದೆ. ಅದು ಬಲೆ. ಗೋಡೆಯ ಮೂಲಕ ಕಾಣುವಂತೆ ಬರೆಯುವುದು ಆ ವಯಸ್ಸಿನ ಸಹಜ ರೀತಿ. ಅವಳಿಗೆ ಗೊತ್ತಿರುವುದನ್ನು ಬರೆದಿದ್ದಾಳೆ. ‘ಮನೆಯೊಳಗೆ ಏನೇನು ನಡೀತಿದೆ, ಹೇಳು’ ಅಂತ ಕೇಳುವುದು ಸರಿಯಾದ ಉತ್ತರಕ್ಕೆ ಹತ್ತಿರ. ಮಗುವಿನ ಹಾಳೆಯ ಮೇಲೆ ಶಿಕ್ಷಕ ಗೆರೆ ಎಳೆಯುವ ಆಯ್ಕೆ ಎಲ್ಲೇ ಕಂಡರೂ ಅನುಮಾನದಿಂದ ನೋಡಿ. ತೋರಿಸಬೇಕಾದರೆ ಬೇರೆ ಹಾಳೆ ಇದೆಯಲ್ಲ.

ವಿಶೇಷ ಅಗತ್ಯದ ಮಕ್ಕಳ ಬಗ್ಗೆ ಉತ್ತರ ಬರೆಯುವಾಗ ‘ಪ್ರೋತ್ಸಾಹಿಸಬೇಕು’ ಅಂತ ಸುಮ್ನೆ ಬರೆದರೆ ಅಂಕ ಬರುವುದಿಲ್ಲ. ಏನು ಮಾಡುತ್ತೀರಿ ಅಂತ ಬರೆಯಿರಿ. ಹಿಡಿತ ಕಷ್ಟವಿರುವ ಮಗುವಿಗೆ ಕುಂಚದ ಹಿಡಿಗೆ ಸ್ಪಂಜು ಸುತ್ತುವುದು. ಕೆಂಪು–ಹಸಿರು ಬೇರೆಯಾಗಿ ಕಾಣದ ಮಗುವಿಗೆ ಬಣ್ಣದ ಡಬ್ಬಿಯ ಮೇಲೆ ಹೆಸರು ಬರೆಯುವುದು, ಮೌಲ್ಯಮಾಪನ ಮಾಡುವಾಗ ಬಣ್ಣದ ಬದಲು ಛಾಯೆಯ ವೈರುಧ್ಯ ನೋಡುವುದು. ದೃಷ್ಟಿ ಮಂದವಿರುವ ಮಗುವಿಗೆ ಉಬ್ಬಿದ ಗೆರೆ, ಮಣ್ಣು, ದಾರ.

ಮೌಲ್ಯಮಾಪನಕ್ಕೆ ರೂಬ್ರಿಕ್ (ಯಾವುದಕ್ಕೆ ಎಷ್ಟು ಅಂಕ ಅನ್ನುವ ಕೋಷ್ಟಕ) ಒಂದನ್ನು ನೀವೇ ತಯಾರಿಸಿ ಅಭ್ಯಾಸ ಮಾಡಿ. ‘ಪ್ರತಿಭೆ’ ಅಂತ ಒಂದು ಕಾಲಂ ಬೇಡವೇ ಬೇಡ. ಕಲಿಸಿದ್ದನ್ನು ಮಾತ್ರ ಅಳೆಯಿರಿ: ಇವತ್ತು ಮೂರು ಛಾಯೆ ಬೆರೆಸುವುದು ಕಲಿಸಿದ್ದರೆ, ಮೂರು ಛಾಯೆ ಬಂದಿವೆಯಾ? ಪಾಠ ನಡೆಯುತ್ತಿರುವಾಗಿನ ಮೌಲ್ಯಮಾಪನ ಮತ್ತು ಘಟಕದ ಕೊನೆಯ ಮೌಲ್ಯಮಾಪನ, ಎರಡಕ್ಕೂ ಒಂದೊಂದು ಉದಾಹರಣೆ ಕೈಯಲ್ಲಿರಲಿ.

ಹಂತ 6: ಪಾಠದ ಯೋಜನೆ ಮತ್ತು ದೊಡ್ಡ ಉತ್ತರ

ಪಾಠದ ಯೋಜನೆಯಲ್ಲಿ ಮೊದಲು ನೋಡುವುದು ಉದ್ದೇಶದ ವಾಕ್ಯ. ‘ಮೈವಳಿಕೆಯನ್ನು ಅರಿಯುವರು’ ಅಂದರೆ ಅಳೆಯುವುದು ಹೇಗೆ? ‘ಕನಿಷ್ಠ ನಾಲ್ಕು ಬೇರೆ ಮೈವಳಿಕೆಗಳನ್ನು ಉಜ್ಜಿ ತೆಗೆದು, ಅವುಗಳಿಂದ ಒಂದು ಪ್ರಾಣಿಯನ್ನು ಜೋಡಿಸುವರು’ ಅಂದರೆ ಅಳೆಯಬಹುದು. ಇದೇ ಪಾಠವನ್ನು ಮುಂದುವರಿಸಿ. ಐದು ನಿಮಿಷ ಚಿತ್ರ ನೋಡುವುದು. ಚಿತ್ರಕಾರ ಮ್ಯಾಕ್ಸ್ ಅರ್ನ್‌ಸ್ಟ್ 1925ರಲ್ಲಿ ಮರದ ಹಲಗೆಯ ಮೇಲೆ ಕಾಗದವಿಟ್ಟು ಉಜ್ಜಿ ಮಾಡಿದ ಪ್ರಯೋಗಗಳು ಇಲ್ಲಿಗೆ ಹೊಂದುತ್ತವೆ. ಹತ್ತು ನಿಮಿಷ ಎಲೆ, ಜಾಲರಿ, ಹಲಗೆ ಹುಡುಕಿ ಉಜ್ಜುವುದು. ಹದಿನೈದು ನಿಮಿಷ ಕತ್ತರಿಸಿ ಜೋಡಿಸುವುದು. ಉಳಿದ ಹತ್ತರಲ್ಲಿ ಸ್ವಚ್ಛತೆ ಮತ್ತು ಮಾತು. ಸ್ವಚ್ಛತೆಗೆ ಸಮಯವೇ ಇಡದ ಯೋಜನೆ ಬರೆದವರು ತರಗತಿ ನೋಡಿಲ್ಲ ಅಂತ ಗೊತ್ತಾಗಿಬಿಡುತ್ತದೆ.

ಎರಡು ಕೃತಿಗಳನ್ನು ಹೋಲಿಸುವ ಪ್ರಶ್ನೆಗೆ ಒಂದು ಮಾದರಿ: ಸೈನಿಕರು ಜನರನ್ನು ಗುಂಡಿಕ್ಕಿ ಕೊಲ್ಲುವುದನ್ನು ತೋರಿಸುವ ಗೋಯಾನ ‘ಮೇ ಮೂರು’ ಮತ್ತು ಊರೊಂದರ ಮೇಲೆ ಬಾಂಬು ಬಿದ್ದದ್ದನ್ನು ತೋರಿಸುವ ಪಿಕಾಸೋನ ‘ಗೆರ್ನಿಕಾ’. ಮೊದಲು ಒಂದು ಕೃತಿ ಪೂರ್ತಿ, ಆಮೇಲೆ ಇನ್ನೊಂದು ಅಂತ ಬರೆಯಬೇಡಿ. ಒಂದೊಂದು ಅಂಶಕ್ಕೆ ಎರಡನ್ನೂ ಎದುರುಬದುರು ನಿಲ್ಲಿಸಿ. ಬೆಳಕು: ಗೋಯಾನಲ್ಲಿ ನೆಲದ ಮೇಲಿನ ಲಾಂದ್ರ ಬಿಳಿ ಅಂಗಿಯವನ ಮೇಲೆ ಬೀಳುತ್ತದೆ, ಪಿಕಾಸೋನಲ್ಲಿ ಮೇಲೆ ಬಲ್ಬು, ಪಕ್ಕದಲ್ಲಿ ಕೈಯೊಂದು ಚಾಚಿದ ದೀಪ. ಬಣ್ಣ: ಅಲ್ಲಿ ರಕ್ತ ಕೆಂಪಗಿದೆ, ಇಲ್ಲಿ ಕಪ್ಪು, ಬಿಳುಪು, ಬೂದು ಮಾತ್ರ. ಕೊಲ್ಲುವವರು: ಗೋಯಾನ ಸೈನಿಕರಿಗೆ ಮುಖವಿಲ್ಲ, ಒಂದೇ ಸಾಲಿನ ಬೆನ್ನುಗಳು, ಪಿಕಾಸೋನ ಚಿತ್ರದಲ್ಲಿ ಬಾಂಬು ಹಾಕಿದವರು ಕಾಣುವುದೇ ಇಲ್ಲ. ಅಳತೆ: ಗೆರ್ನಿಕಾ ಸುಮಾರು 3.5 ಮೀಟರ್ ಎತ್ತರ, 7.8 ಮೀಟರ್ ಅಗಲ, ಅಂದರೆ ಒಂದು ಗೋಡೆ. ಇಷ್ಟು ಬರೆದ ಮೇಲೆ ಅರ್ಥದ ಕಡೆ ಹೋದರೆ ಮಾತಿಗೆ ಆಧಾರ ಇರುತ್ತದೆ.

ಹಂತ 7: ವಾರಗಳ ಲೆಕ್ಕ, ಮತ್ತು ಪರೀಕ್ಷೆಯ ದಿನ

ಹನ್ನೆರಡು ವಾರ ಇದ್ದರೆ ಹೀಗೆ ಹಂಚಬಹುದು: ಎರಡು ವಾರ ಮೂಲ ಅಂಶ, ನಾಲ್ಕು ವಾರ ಇತಿಹಾಸ, ಎರಡು ವಾರ ಮಾಧ್ಯಮ, ಎರಡು ವಾರ ಕಲಿಸುವ ವಿಧಾನ, ಉಳಿದೆರಡು ಮಾದರಿ ಪರೀಕ್ಷೆ. ಆದರೆ ಚೀಟಿಗಳು ಮೊದಲ ವಾರದಿಂದ ಕೊನೆಯವರೆಗೆ ದಿನವೂ ಇರಲಿ. ಸಮಯ ಕಡಿಮೆ ಇದ್ದರೆ ಇತಿಹಾಸ ಕತ್ತರಿಸಿ, ಹಂತ 5 ಕತ್ತರಿಸಬೇಡಿ. ಪುಸ್ತಕ ಮುಚ್ಚಿ ನೆನಪಿನಿಂದ ಬರೆಯುವುದು ಮತ್ತೆ ಮತ್ತೆ ಓದುವುದಕ್ಕಿಂತ ಜಾಸ್ತಿ ಉಳಿಯುತ್ತದೆ. ಮನೆಯಲ್ಲಿ ಯಾರಾದರೂ ಸಿಕ್ಕರೆ ಅವರಿಗೆ ಕಲಿಸಿ. ಅವರಿಗೆ ಅರ್ಥವಾಗದಿದ್ದರೆ ಮಾತು ಇನ್ನೂ ಸಡಿಲ ಅಂತಲೇ.

ಪೋರ್ಟ್‌ಫೋಲಿಯೋ ಕೇಳಿದ್ದರೆ ನೋಡಿ ಬರೆದ ಅಭ್ಯಾಸಚಿತ್ರ, ಬೇರೆ ಬೇರೆ ಮಾಧ್ಯಮ, ಕರಡಿನಿಂದ ಕೊನೆಯವರೆಗಿನ ಒಂದು ಪೂರ್ಣ ಸರಣಿ, ಇಷ್ಟು ಕಾಣಲಿ. ಕೃತಿಯ ಫೋಟೋವನ್ನು ಹಗಲಿನ ಹರಡಿದ ಬೆಳಕಿನಲ್ಲಿ, ಕ್ಯಾಮೆರಾವನ್ನು ಕೃತಿಗೆ ಸಮಾಂತರ ಹಿಡಿದು ತೆಗೆಯಿರಿ. ಗಾಜು ಹಾಕಿದ್ದರೆ ತೆಗೆದುಬಿಡಿ.

ಪ್ರಶ್ನೆಪತ್ರಿಕೆ ಕೈಗೆ ಬಂದಾಗ ದೊಡ್ಡ ಉತ್ತರಗಳ ಪ್ರಶ್ನೆಯನ್ನು ಮೊದಲು ಓದಿ, ಅಂಚಿನಲ್ಲಿ ನಾಲ್ಕು ಪದ ಗೀಚಿಟ್ಟು, ಆಮೇಲೆ ಆಯ್ಕೆಯ ಪ್ರಶ್ನೆಗಳಿಗೆ ಹೋಗಿ. ಗೊತ್ತಿಲ್ಲದ ಚಿತ್ರ ಬಂದರೆ ಹೆಸರಿಗೆ ಪರದಾಡಬೇಡಿ. ಮಾಧ್ಯಮ ಯಾವುದು, ಅವಕಾಶವನ್ನು ಹೇಗೆ ತೋರಿಸಿದೆ, ಗೆರೆ ಹೇಗಿದೆ ಅಂತ ನೋಡಿದರೆ ಎರಡು ಆಯ್ಕೆಗಳಾದರೂ ಬಿದ್ದುಹೋಗುತ್ತವೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಮೊದಲು ಮೂರು ಕಿರುಕರಡು ಮಾಡಿ, ಒಂದನ್ನು ಆರಿಸಿ, ಮೂರನ್ನೂ ಉತ್ತರದ ಜೊತೆಗೇ ಸೇರಿಸಲು ಬಿಡುತ್ತಾರಾ ಅಂತ ಮೇಲ್ವಿಚಾರಕರನ್ನು ಕೇಳಿ. ಜಲವರ್ಣವಾದರೆ ಕೊನೆಯ ಹದಿನೈದು ನಿಮಿಷ ಹೊಸ ಒದ್ದೆ ಪದರ ಹಾಕಬೇಡಿ. ಹಾಳೆ ಒಣಗಬೇಕು.